ಅಡಿಕೆ ಧಾರಣೆಯ ಪುಟ ಮೊಬೈಲಿನಲ್ಲಿ ಓದಲಾಗುತ್ತಿಲ್ಲ: ಆ್ಯಪ್ ಮಾಡಿಸಬೇಕೇ, ಜಾಲತಾಣವನ್ನೇ ಸರಿಪಡಿಸಬೇಕೇ?

ತೋಟದಂಚು | ಸೋಮವಾರ ಸಂಜೆ 6:12

ಎಲ್ಲರಿಗೂ ನಮಸ್ಕಾರ. ಮಲೆನಾಡಿನಿಂದ ಹೊರಡುವ ಒಂದು ಸಣ್ಣ ವಾರಪತ್ರಿಕೆಯ ಜಾಲತಾಣ ನೋಡಿಕೊಳ್ಳುವ ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಸಂಪಾದಕೀಯ ಓದುವವರು ಎಷ್ಟು ಮಂದಿಯೋ, ಧಾರಣೆಯ ಪುಟಕ್ಕಂತೂ ಸಂಜೆಯಾಗುತ್ತಿದ್ದಂತೆ ಜನ ಮುಗಿಬೀಳುತ್ತಾರೆ. ಶಿವಮೊಗ್ಗ, ಸಾಗರ, ಶಿರಸಿ, ಯಲ್ಲಾಪುರ, ಚನ್ನಗಿರಿ. ಅಲ್ಲಿಯ ಅಡಿಕೆಯ ಬಗೆಗಳು: ರಾಶಿ, ಬೆಟ್ಟೆ, ಸರಕು, ಗೊರಬಲು, ಚಾಲಿ, ಕೆಂಪುಗೋಟು. ಒಂದೊಂದಕ್ಕೂ ಆವಕ, ಕನಿಷ್ಠ, ಗರಿಷ್ಠ, ಸರಾಸರಿ. ಎಲ್ಲವೂ ಒಂದೇ ಕೋಷ್ಟಕದಲ್ಲಿ.

ತಾಣವನ್ನು ಯಾರೋ ಬಹಳ ಹಿಂದೆ ಕಂಪ್ಯೂಟರ್ ಪರದೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು 960 ಪಿಕ್ಸೆಲ್ ಅಗಲಕ್ಕೆ ಕಟ್ಟಿ ಹೋಗಿದ್ದಾರೆ. ಮೊಬೈಲಿನಲ್ಲಿ ತೆರೆದರೆ ಇಡೀ ಪುಟ ಅಂಚೆಚೀಟಿಯಷ್ಟಾಗುತ್ತದೆ. ಎರಡು ಬೆರಳಿನಿಂದ ಹಿಗ್ಗಿಸಿ ಗರಿಷ್ಠ ಬೆಲೆಯ ಕಾಲಂವರೆಗೆ ಎಳೆದುಕೊಂಡು ಹೋಗುವಷ್ಟರಲ್ಲಿ ಅದು ಯಾವ ಊರಿನ ಯಾವ ಅಡಿಕೆ ಎಂಬುದು ಪರದೆಯಿಂದಾಚೆ ಹೋಗಿರುತ್ತದೆ. ಮೊನ್ನೆ ಒಬ್ಬರು ಚಾಲಿಯ ಬೆಲೆಯನ್ನು ರಾಶಿಯದೆಂದು ಓದಿಕೊಂಡು ಕಚೇರಿಗೆ ಫೋನ್ ಮಾಡಿ ಚೆನ್ನಾಗಿ ಬೈದರು.

ಮಾಲೀಕರು ಈಗ ಆ್ಯಪ್ ಮಾಡಿಸಿಬಿಡೋಣ ಎನ್ನುತ್ತಿದ್ದಾರೆ. ಒಂದು ಕಂಪನಿಯವರು ಬಂದು ಬಣ್ಣಬಣ್ಣದ ಚಿತ್ರ ತೋರಿಸಿ ಹೋಗಿದ್ದಾರೆ. ಅವರು ಕೇಳಿದ ಮೊತ್ತದಲ್ಲಿ ನಮಗೆ ವರ್ಷಕ್ಕಾಗುವಷ್ಟು ಕಾಗದ ಬರುತ್ತದೆ. ನನಗೆ ಪುಟ ಕಟ್ಟುವ ಎಚ್‌ಟಿಎಂಎಲ್, ಅದಕ್ಕೆ ರೂಪ ಕೊಡುವ ಸಿಎಸ್ಎಸ್ ಅಲ್ಪಸ್ವಲ್ಪ ಬರುತ್ತದೆ. ಇದ್ದ ತಾಣವನ್ನೇ ಮೊಬೈಲಿಗೆ ಹೊಂದಿಸಲು ಸಾಧ್ಯವೇ? ಹಳೆಯ ಲೇಖನಗಳು ಹಳೇ ನುಡಿ ತಂತ್ರಾಂಶದ ಅಕ್ಷರಗಳಲ್ಲಿವೆ, ಅದು ಇನ್ನೊಂದು ತಲೆನೋವು.

ಕೀಲಿಮಣೆ_ಶಾಸ್ತ್ರಿ | ಸೋಮವಾರ ಸಂಜೆ 6:31

ಮೊದಲು ಪುಟದ ತಲೆಭಾಗದಲ್ಲಿ ವ್ಯೂಪೋರ್ಟ್ ಮೆಟಾ ಟ್ಯಾಗ್ (ಪುಟವನ್ನು ಎಷ್ಟು ಅಗಲಕ್ಕೆ ಹರಡಬೇಕೆಂದು ಬ್ರೌಸರಿಗೆ ಹೇಳುವ ಸಾಲು) ಇದೆಯೇ ನೋಡಿ. ಅದಿಲ್ಲದಿದ್ದರೆ ಫೋನಿನ ಬ್ರೌಸರ್ ಇದು ದೊಡ್ಡ ಪರದೆಗೆ ಮಾಡಿದ ಪುಟ ಎಂದುಕೊಂಡು, ಸಾಮಾನ್ಯವಾಗಿ 980 ಪಿಕ್ಸೆಲ್ ಅಗಲದಲ್ಲಿ ಹರಡಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. 2007ರಲ್ಲಿ ಐಫೋನ್ ಬಂದಾಗ ಆ್ಯಪಲ್ ಮಾಡಿಕೊಂಡ ಏರ್ಪಾಡು ಅದು, ಉಳಿದವರೂ ಅದನ್ನೇ ಹಿಡಿದರು. ವಿಡ್ತ್ ಎಂಬಲ್ಲಿ ಡಿವೈಸ್-ವಿಡ್ತ್, ಇನಿಷಿಯಲ್-ಸ್ಕೇಲ್ ಎಂಬಲ್ಲಿ 1 ಎಂದು ಬರೆದರೆ ಕುಗ್ಗುವುದು ನಿಲ್ಲುತ್ತದೆ. ಒಂದು ಸಾಲಿನ ಕೆಲಸ.

ತೋಟದಂಚು | ಸೋಮವಾರ ಸಂಜೆ 6:50

ಇರಲಿಲ್ಲ, ಹಾಕಿದೆ. ಅಕ್ಷರ ದೊಡ್ಡದಾಯಿತು ಶಾಸ್ತ್ರಿಗಳೇ, ಆದರೆ ಈಗ ಇಡೀ ಪುಟವೇ ಅಡ್ಡಕ್ಕೆ ಜಾರುತ್ತದೆ. ಎಡಗಡೆಯ ಮೆನು ಒಂದೇ ಪರದೆ ತುಂಬಿಕೊಂಡಿದೆ.

ಸಹ್ಯಾದ್ರಿ_ಸಂಕೇತ | ಸೋಮವಾರ ರಾತ್ರಿ 8:05

ಜಾರಲೇಬೇಕು, 960 ಎಂದು ಗಟ್ಟಿಯಾಗಿ ಬರೆದಿದ್ದಾರಲ್ಲ. ಇದಕ್ಕೆ ಉತ್ತರ ಹಳೆಯದೇ. 2010ರ ಮೇ ತಿಂಗಳಲ್ಲಿ ಈಥನ್ ಮಾರ್ಕಾಟ್ ಎಂಬುವರು ರೆಸ್ಪಾನ್ಸಿವ್ ವಿನ್ಯಾಸ ಎಂದು ಹೆಸರಿಟ್ಟು ಬರೆದದ್ದರಲ್ಲಿ ಮೂರೇ ಮಾತು: ಅಳತೆಗಳು ಶೇಕಡಾವಾರು ಇರಲಿ, ಚಿತ್ರಗಳು ತಾವಿರುವ ಪೆಟ್ಟಿಗೆಯನ್ನು ಮೀರದಿರಲಿ, ಪರದೆಯ ಅಗಲ ಕೇಳಿಕೊಂಡು ವಿನ್ಯಾಸ ಬದಲಾಗಲಿ. ಆ ಮೂರನೆಯದೇ ಮೀಡಿಯಾ ಕ್ವೆರಿ. 2012ರ ಜೂನ್‌ನಲ್ಲಿ ಜಾಲದ ಮಾನದಂಡ ರೂಪಿಸುವ ಡಬ್ಲ್ಯೂ3ಸಿಯ ಅಧಿಕೃತ ಶಿಫಾರಸಾಯಿತು. ಯಾವ ಕಂಪನಿಗೂ ಪರವಾನಗಿ ಶುಲ್ಕ ಕಟ್ಟಬೇಕಾಗಿಲ್ಲ, ಯಾವ ಅಂಗಡಿಯ ಅಪ್ಪಣೆಯೂ ಬೇಕಾಗಿಲ್ಲ.

ಈಗ ಕೆಲಸ ಇನ್ನೂ ಸುಲಭ. ಪುಟವನ್ನು ಸಾಲು-ಕಂಬಗಳ ಚೌಕಗಳಲ್ಲಿ ಜೋಡಿಸುವ ಸಿಎಸ್ಎಸ್ ಗ್ರಿಡ್ 2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ಬಂದಿತು. ನಿಮ್ಮ ಸಿಎಸ್ಎಸ್‌ನಲ್ಲಿ ಭಾಗಗಳನ್ನು ಪಕ್ಕಕ್ಕೆ ತಳ್ಳುವ ಹಳೆಯ ಫ್ಲೋಟ್ ಎಂಬುದನ್ನೆಲ್ಲ ಹುಡುಕಿ ಅಳಿಸಿ. ಮೊದಲು ಚಿಕ್ಕ ಪರದೆಗೆ ಒಂದೇ ಕಂಬದಲ್ಲಿ ಎಲ್ಲವೂ ಕೆಳಕ್ಕೆ ಇಳಿಯುವಂತೆ ಬರೆಯಿರಿ. ಅಗಲ 48 ಎಮ್ (ಅಕ್ಷರದ ಅಳತೆಯ 48 ಪಟ್ಟು) ದಾಟಿದ ಮೇಲೆ ಮಾತ್ರ ಗ್ರಿಡ್ ಹಾಕಿ ಮೆನುವನ್ನು ಪಕ್ಕಕ್ಕೆ ಸರಿಸಿ. ವಿಡ್ತ್ ಇದ್ದಲ್ಲಿ ಮ್ಯಾಕ್ಸ್-ವಿಡ್ತ್ ಬರೆಯಿರಿ. ಹಳೆಯ ಸಿಎಸ್ಎಸ್‌ನ ಮುಕ್ಕಾಲು ಭಾಗ ಕಸದ ಬುಟ್ಟಿಗೆ ಹೋಗುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ.

ಅಂಗೈಯಂಗಡಿ | ಸೋಮವಾರ ರಾತ್ರಿ 8:40

ನಾನು ಆ್ಯಪ್ ಮಾಡಿಯೇ ಹೊಟ್ಟೆ ಹೊರೆಯುವವನು, ಹಾಗಾಗಿ ಪಕ್ಷಪಾತ ಇದೆ ಎಂದು ಒಪ್ಪಿಕೊಂಡೇ ಬರೆಯುತ್ತೇನೆ. ಇಲ್ಲಿ ಎಲ್ಲರೂ ಬ್ರೌಸರಿನ ಭಜನೆ ಮಾಡುತ್ತಿದ್ದೀರಿ. ತೋಟದಲ್ಲಿ ಸಿಗ್ನಲ್ ಇಲ್ಲದಾಗ ಜಾಲತಾಣ ಏನು ತೋರಿಸುತ್ತದೆ? ಬೆಲೆ ಏರಿದ ಕೂಡಲೇ ಫೋನು ಟಿಂಗ್ ಎನ್ನಬೇಕೆಂದರೆ ಏನು ಮಾಡುತ್ತೀರಿ? ರೈತರಿಗೆ ವಿಳಾಸ ಟೈಪ್ ಮಾಡಿ ತಾಣ ತೆರೆಯುವ ಅಭ್ಯಾಸವೇ ಇಲ್ಲ.

ಕೆಂಪುಗೋಟು | ಸೋಮವಾರ ರಾತ್ರಿ 8:52

ವಿಳಾಸವನ್ನು ಯಾರೂ ಟೈಪ್ ಮಾಡುವುದಿಲ್ಲ ಸ್ವಾಮಿ. ನಮ್ಮ ಸಹಕಾರ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಯಾರೋ ಕೊಂಡಿ ಹಾಕುತ್ತಾರೆ, ಉಳಿದವರು ಒತ್ತುತ್ತಾರೆ. ಕೊಂಡಿ ಒತ್ತಿದಾಗ ಬೆಲೆ ಕಾಣಬೇಕೇ ಹೊರತು, ಮೊದಲು ಇದನ್ನು ಇಳಿಸಿಕೊಳ್ಳಿ ಎಂಬ ಆಜ್ಞೆ ಕಾಣಬಾರದು. ನನ್ನ ಫೋನಿನಲ್ಲಿ ಜಾಗ ಇಲ್ಲ, ಮೊಮ್ಮಕ್ಕಳ ವಿಡಿಯೊ ತುಂಬಿದೆ.

ಹಳೇ_ಬೆಂಗಳೂರು_ಟೆಕ್ಕಿ | ಸೋಮವಾರ ರಾತ್ರಿ 9:20

ಈ ಜಗಳವನ್ನು ಬೆಂಗಳೂರು ಒಮ್ಮೆ ದೊಡ್ಡ ಮಟ್ಟದಲ್ಲಿ ಆಡಿ ಮುಗಿಸಿದೆ. 2015ರಲ್ಲಿ ಫ್ಲಿಪ್‌ಕಾರ್ಟ್ ತನ್ನ ಮೊಬೈಲ್ ಜಾಲತಾಣವನ್ನು ಮುಚ್ಚಿ ಆ್ಯಪ್ ಇಳಿಸಿಕೊಳ್ಳಿ ಎಂದಿತು. ಅದೇ ಬಳಗದ ಮಿಂತ್ರಾ ಮೇ ತಿಂಗಳಲ್ಲಿ ಕಂಪ್ಯೂಟರ್ ತಾಣವನ್ನೂ ಮುಚ್ಚಿತು. ಆ ವರ್ಷ ಮುಗಿಯುವ ಮೊದಲೇ ಫ್ಲಿಪ್‌ಕಾರ್ಟ್ ಲೈಟ್ ಎಂಬ ಹೆಸರಿನಲ್ಲಿ ಬ್ರೌಸರಿನೊಳಗೇ ನಡೆಯುವ ಮೊಬೈಲ್ ತಾಣ ಮರಳಿ ಬಂದಿತು. 2016ರಲ್ಲಿ ಮಿಂತ್ರಾ ಕೂಡ ಬಾಗಿಲು ತೆರೆಯಿತು. ಅಷ್ಟು ದುಡ್ಡಿರುವವರಿಗೇ ಜನರನ್ನು ಆ್ಯಪಿನೊಳಗೆ ಕೂಡಿಹಾಕಲಾಗಲಿಲ್ಲ. ವಾರಪತ್ರಿಕೆಗೆ ಆಗುತ್ತದೆಯೇ?

ಅಂಗೈಯಂಗಡಿಯವರ ಎರಡು ಪ್ರಶ್ನೆಗೂ ಉತ್ತರ ಆ ಫ್ಲಿಪ್‌ಕಾರ್ಟ್ ಲೈಟಿನಲ್ಲೇ ಇದೆ. ಸರ್ವಿಸ್ ವರ್ಕರ್ ಎಂಬ ಚಿಕ್ಕ ಜಾವಾಸ್ಕ್ರಿಪ್ಟ್ ಕಡತ ಪುಟಕ್ಕೂ ಜಾಲಕ್ಕೂ ನಡುವೆ ಕುಳಿತು, ಕಳೆದ ಬಾರಿ ಬಂದ ಧಾರಣೆಯನ್ನು ಫೋನಿನಲ್ಲೇ ಇಟ್ಟುಕೊಂಡಿರುತ್ತದೆ. ಸಿಗ್ನಲ್ ಇಲ್ಲದಾಗ ಅದನ್ನೇ ತೋರಿಸುತ್ತದೆ. ಬೆಲೆ ಏರಿದ ಸೂಚನೆ ಬಂದಾಗ ಫೋನು ಟಿಂಗ್ ಎನ್ನುವಂತೆ ಮಾಡುವುದೂ ಅದೇ ಕಡತ. ಮ್ಯಾನಿಫೆಸ್ಟ್ ಕಡತ ಒಂದಿದ್ದರೆ ತಾಣದ ಚಿಹ್ನೆಯನ್ನು ಮುಖಪರದೆಗೆ ಸೇರಿಸಿಕೊಳ್ಳಬಹುದು. ಫ್ರಾನ್ಸಿಸ್ ಬೆರಿಮನ್ ಮತ್ತು ಅಲೆಕ್ಸ್ ರಸೆಲ್ 2015ರಲ್ಲಿ ಇದಕ್ಕೆ ಪ್ರೋಗ್ರೆಸಿವ್ ವೆಬ್ ಆ್ಯಪ್ ಎಂದು ಹೆಸರಿಟ್ಟರು. ಷರತ್ತು ಒಂದೇ, ತಾಣ ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್‌ನಲ್ಲಿರಬೇಕು.

ತೋಟದಂಚು | ಸೋಮವಾರ ರಾತ್ರಿ 9:33

ಹಳೆಯ ಬೆಲೆಯನ್ನು ತೋರಿಸಿದರೆ ಇನ್ನೂ ಹೆಚ್ಚು ಬೈಗುಳ ಬರುವುದಿಲ್ಲವೇ?

ಹಳೇ_ಬೆಂಗಳೂರು_ಟೆಕ್ಕಿ | ಸೋಮವಾರ ರಾತ್ರಿ 9:41

ಖಂಡಿತ ಬರುತ್ತದೆ. ಅದಕ್ಕೇ ಬೆಲೆಗೆ ಮೊದಲು ಜಾಲವನ್ನು ಕೇಳಿ, ಸಿಗದಿದ್ದರೆ ಮಾತ್ರ ಉಳಿಸಿಟ್ಟದ್ದನ್ನು ತೋರಿಸುವ ಕ್ರಮ ಇಟ್ಟುಕೊಳ್ಳಿ. ಲೋಗೊ, ಸಿಎಸ್ಎಸ್ ಮುಂತಾದವಕ್ಕೆ ಇದರ ತಿರುವು ಮುರುವು. ಕೋಷ್ಟಕದ ನೆತ್ತಿಯಲ್ಲೇ "ಇದು ಶನಿವಾರ ಸಂಜೆಯ ಧಾರಣೆ" ಎಂದು ದೊಡ್ಡದಾಗಿ ಇರಲಿ. ಬೂದು ಬಣ್ಣದ ಚಿಕ್ಕ ಅಕ್ಷರದಲ್ಲಿ ಮೂಲೆಗೆ ತಳ್ಳಬೇಡಿ.

ಅಂಗೈಯಂಗಡಿ | ಸೋಮವಾರ ರಾತ್ರಿ 9:58

ಐಫೋನಿನ ವಿಷಯ ಯಾರೂ ಎತ್ತಲಿಲ್ಲವಲ್ಲ! ಅಲ್ಲಿ ಜಾಲತಾಣದಿಂದ ಸೂಚನೆ ಕಳಿಸಲು ಆ್ಯಪಲ್ ಬಿಟ್ಟದ್ದೇ 2023ರಲ್ಲಿ, ಐಒಎಸ್ 16.4 ಬಂದಾಗ. ಅದೂ ಬಳಕೆದಾರರು ತಾಣವನ್ನು ಮುಖಪರದೆಗೆ ಸೇರಿಸಿಕೊಂಡಿದ್ದರೆ ಮಾತ್ರ. ಹಂಚಿಕೆಯ ಗುಂಡಿ ಒತ್ತಿ, ಪಟ್ಟಿಯಲ್ಲಿ ಕೆಳಗಿಳಿದು, ಆಯ್ಕೆಯನ್ನು ಹುಡುಕಿ ಸೇರಿಸಿ ಎಂದು ನೀವು ಎಷ್ಟು ಜನರಿಗೆ ಕಲಿಸುತ್ತೀರಿ? ಮುಕ್ತ ಮಾನದಂಡ ಕಾಗದದಲ್ಲಿ ಎಲ್ಲರಿಗೂ ಒಂದೇ, ಫೋನಿನಲ್ಲಿ ಹಾಗಿಲ್ಲ.

ಕೆಂಪುಗೋಟು | ಸೋಮವಾರ ರಾತ್ರಿ 10:04

ನಮ್ಮ ಸಂಘದ ಅಂಗಳದಲ್ಲಿ ಐಫೋನ್ ಹಿಡಿದವರು ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಕ್ಕಳು ಮಾತ್ರ. ಅವರಿಗೆ ರಾಶಿಗೂ ಬೆಟ್ಟೆಗೂ ವ್ಯತ್ಯಾಸ ಗೊತ್ತಿಲ್ಲ, ಸೂಚನೆ ಬಾರದಿದ್ದರೂ ಚಿಂತೆಯಿಲ್ಲ.

ದೂರದ_ದನಿ | ಮಂಗಳವಾರ ಬೆಳಿಗ್ಗೆ 7:15

ನಾನು ಕಣ್ಣು ಕಾಣದವನು, ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಎಂಬ, ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುತ್ತೇನೆ. ತಂದೆಯವರ ತೋಟದ ವ್ಯವಹಾರ ನಾನೇ ನೋಡುವುದರಿಂದ ಧಾರಣೆಯ ಪುಟಗಳು ನನಗೆ ನಿತ್ಯದ ಸಂಗತಿ. ಹೆಚ್ಚಿನ ತಾಣಗಳಲ್ಲಿ ನನಗೆ ಕೇಳುವುದು ಬರೀ ಅಂಕಿಗಳ ಮೆರವಣಿಗೆ. ಯಾವ ಮಾರುಕಟ್ಟೆ, ಕನಿಷ್ಠವೋ ಗರಿಷ್ಠವೋ, ಒಂದೂ ತಿಳಿಯುವುದಿಲ್ಲ. ಕೋಷ್ಟಕದ ತಲೆಬರಹದ ಕೋಶಗಳನ್ನು ಟಿಎಚ್ ಎಂದು ಗುರುತಿಸಿ, ಅದು ಸಾಲಿನದೋ ಕಾಲಮ್ಮಿನದೋ ಎಂದು ಸ್ಕೋಪ್ ಕೊಟ್ಟರೆ, ಓದುವ ತಂತ್ರಾಂಶಕ್ಕೆ ಯಾವ ಅಂಕಿ ಯಾವುದಕ್ಕೆ ಸೇರಿದ್ದು ಎಂಬ ಆಧಾರ ಸಿಗುತ್ತದೆ. ಸಾಮಾನ್ಯ ಕೋಶವಾದ ಟಿಡಿಯನ್ನೇ ದಪ್ಪಕ್ಷರ ಮಾಡಿ ತಲೆಬರಹದಂತೆ ಕಾಣಿಸಿದರೆ ನೋಡುವವರಿಗೆ ಸಾಕು, ನನಗೆ ಸಾಲದು.

ಇನ್ನೊಂದು ಕೋರಿಕೆ. ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಲ್ಯಾಂಗ್ ಎಂಬಲ್ಲಿ ಕನ್ನಡದ ಸಂಕೇತವಾದ ಕೆಎನ್ ಹಾಕಿ. ಎಷ್ಟೋ ಕನ್ನಡ ತಾಣಗಳು ತಾವು ಇಂಗ್ಲಿಷ್ ಎಂದು ಘೋಷಿಸಿಕೊಂಡು ಕೂತಿವೆ. ಓದುವ ದನಿ ಯಾವ ಭಾಷೆಯದಾಗಿರಬೇಕು ಎಂದು ತೀರ್ಮಾನವಾಗುವುದು ಅಲ್ಲಿಂದಲೇ.

ಪರದೆಪುರಾಣ | ಮಂಗಳವಾರ ಬೆಳಿಗ್ಗೆ 9:10

ಕೋಷ್ಟಕಕ್ಕೆ ನನ್ನ ಸಲಹೆ: ಮೊಬೈಲಿನಲ್ಲಿ ಒಂದೊಂದು ಸಾಲನ್ನೂ ಒಂದೊಂದು ಕಾರ್ಡ್ ಮಾಡಿಬಿಡಿ. ಟೇಬಲ್, ಟಿಆರ್ (ಸಾಲು), ಟಿಡಿ ಎಲ್ಲಕ್ಕೂ ಡಿಸ್‌ಪ್ಲೇ ಬ್ಲಾಕ್ ಕೊಟ್ಟರೆ ಮುಗಿಯಿತು. ಎಲ್ಲರೂ ಹಾಗೆಯೇ ಮಾಡುತ್ತಾರೆ.

ಸಹ್ಯಾದ್ರಿ_ಸಂಕೇತ | ಮಂಗಳವಾರ ಬೆಳಿಗ್ಗೆ 9:45

ದಯವಿಟ್ಟು ಬೇಡ. ಎರಡು ಕಾರಣ. ಒಂದು, ಡಿಸ್‌ಪ್ಲೇ ಬದಲಿಸಿದರೆ ಅದು ಕೋಷ್ಟಕ ಎಂಬ ಮಾಹಿತಿಯೇ ಓದುವ ತಂತ್ರಾಂಶಕ್ಕೆ ಕಳೆದುಹೋಗಬಹುದು. ಬ್ರೌಸರಿನಿಂದ ಬ್ರೌಸರಿಗೆ ನಡವಳಿಕೆ ಬೇರೆ. ಮೇಲೆ ದೂರದ_ದನಿಯವರು ಬರೆದದ್ದನ್ನು ಓದಿದ ಮೇಲೂ ಹೀಗೆ ಮಾಡುವುದು ಸರಿಯಲ್ಲ. ಎರಡು, ಧಾರಣೆ ನೋಡುವವರು ಸಾಗರಕ್ಕೂ ಶಿರಸಿಗೂ ಹೋಲಿಸಿ ನೋಡುತ್ತಾರೆ. ಕಾರ್ಡುಗಳಲ್ಲಿ ಒಂದನ್ನು ನೋಡುವಾಗ ಇನ್ನೊಂದು ಕಾಣುವುದಿಲ್ಲ.

ಕೋಷ್ಟಕವನ್ನು ಪೆಟ್ಟಿಗೆಯಂತಹ ಒಂದು ಡಿವ್‌ನೊಳಗೆ ಇಟ್ಟು ಅದಕ್ಕೆ ಓವರ್‌ಫ್ಲೋ-ಎಕ್ಸ್ ಆಟೊ ಕೊಡಿ. ಆಗ ಪುಟ ನಿಂತಲ್ಲೇ ನಿಲ್ಲುತ್ತದೆ, ಕೋಷ್ಟಕ ಮಾತ್ರ ಅಡ್ಡಕ್ಕೆ ಸರಿಯುತ್ತದೆ. ಮೊದಲ ಕಾಲಮ್ಮಿಗೆ ಪೊಸಿಷನ್ ಸ್ಟಿಕಿ, ಲೆಫ್ಟ್ ಸೊನ್ನೆ, ಮತ್ತು ಮರೆಯದೆ ಹಿನ್ನೆಲೆ ಬಣ್ಣ. ಇಲ್ಲದಿದ್ದರೆ ಅಂಕಿಗಳು ಊರಿನ ಹೆಸರಿನ ಕೆಳಗೆ ಇಣುಕುತ್ತವೆ. ಗರಿಷ್ಠ ಬೆಲೆಗೆ ಸರಿಸಿಕೊಂಡು ಹೋದರೂ "ಯಲ್ಲಾಪುರ, ಚಾಲಿ" ಎಂಬುದು ಎಡಗಡೆ ಅಂಟಿಕೊಂಡೇ ಇರುತ್ತದೆ.

ಪರದೆಪುರಾಣ | ಮಂಗಳವಾರ ಬೆಳಿಗ್ಗೆ 9:52

ಅಡ್ಡಕ್ಕೆ ಸರಿಸುವುದೇ ಮೊಬೈಲಿನಲ್ಲಿ ಅಪರಾಧ ಎಂದು ಅಂಗವಿಕಲರೂ ಬಳಸುವಂತೆ ತಾಣ ಇರಬೇಕೆನ್ನುವ ವೆಬ್ ಪ್ರವೇಶಸಾಧ್ಯತೆಯ ನಿಯಮಗಳಲ್ಲೇ ಇದೆಯಲ್ಲ ಸರ್? 320 ಪಿಕ್ಸೆಲ್ ಅಗಲಕ್ಕೆ ಹೊಂದಬೇಕು ಎಂದು.

ಸಹ್ಯಾದ್ರಿ_ಸಂಕೇತ | ಮಂಗಳವಾರ ಬೆಳಿಗ್ಗೆ 10:08

ಇದೆ, 2018ರ ಡಬ್ಲ್ಯೂಸಿಎಜಿ 2.1ರಲ್ಲಿ. ಅದೇ ನಿಯಮದ ಕೊನೆಯನ್ನೂ ಓದಿ: ಅರ್ಥವಾಗಲು ಎರಡು ದಿಕ್ಕಿನ ಜೋಡಣೆ ಬೇಕೇ ಬೇಕು ಎನ್ನುವ ವಿಷಯಕ್ಕೆ ವಿನಾಯಿತಿ ಇದೆ, ಮಾಹಿತಿ ಕೋಷ್ಟಕ ಅದರಲ್ಲಿ ಬರುತ್ತದೆ.

ಬಯಲುಸೀಮೆ | ಮಂಗಳವಾರ ಬೆಳಿಗ್ಗೆ 10:30

ಅದೆಲ್ಲ ಇರಲಿ, ಇವತ್ತು ಶಿವಮೊಗ್ಗದಲ್ಲಿ ರಾಶಿ ಎಷ್ಟಕ್ಕೆ ಹೋಯಿತು?

ಕೆಂಪುಗೋಟು | ಮಂಗಳವಾರ ಬೆಳಿಗ್ಗೆ 10:34

ಅವರ ಪುಟ ಸರಿಯಾದ ಮೇಲೆ ಅಲ್ಲೇ ನೋಡಿಕೊಳ್ಳಿ.

ಒತ್ತಕ್ಷರ_ಪ್ರಿಯೆ | ಮಂಗಳವಾರ ಮಧ್ಯಾಹ್ನ 1:20

ವಿನ್ಯಾಸದ ಮಾತು ಸಾಕಷ್ಟಾಯಿತು, ಅಕ್ಷರದ ಮಾತು ಯಾರೂ ಆಡಲಿಲ್ಲ. ತೋಟದಂಚು ಅವರೇ, ನಿಮ್ಮ ಸಿಎಸ್ಎಸ್‌ನಲ್ಲಿ ಸಾಲಿನ ಎತ್ತರ, ಅಂದರೆ ಲೈನ್-ಹೈಟ್ ಎಷ್ಟಿದೆ? ಇಂಗ್ಲಿಷ್ ತಾಣಗಳ ಮಾದರಿ ತಂದು 1.2 ಇಟ್ಟವರೇ ಹೆಚ್ಚು. ಕನ್ನಡಕ್ಕೆ ಅದು ಉಸಿರುಗಟ್ಟಿಸುತ್ತದೆ. "ತೀರ್ಥಹಳ್ಳಿ"ಯ ಳಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. "ಮಾರುಕಟ್ಟೆ" ಎಂದು ಬರೆದ ಗುಂಡಿಗೆ ಓವರ್‌ಫ್ಲೋ ಹಿಡನ್ (ಮೀರಿದ್ದನ್ನು ಮರೆಮಾಡು) ಇದ್ದರೆ ಟಒತ್ತಿನ ಕೆಳಭಾಗವೇ ಕತ್ತರಿಸಿಹೋಗುತ್ತದೆ. "ರಾಷ್ಟ್ರ", "ಸ್ತ್ರೀ" ಬಂದರೆ ಕೇಳುವುದೇ ಬೇಡ. 1.6ಕ್ಕಿಂತ ಕಡಿಮೆ ಬೇಡ, ಗುಂಡಿಗಳಿಗೆ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿಯಬೇಡಿ, ಪ್ಯಾಡಿಂಗ್ ಕೊಟ್ಟು ಬಿಡಿ.

ಫಾಂಟಿನ ಬಗ್ಗೆಯೂ ಒಂದು ಮಾತು. ಆಂಡ್ರಾಯ್ಡ್ ಫೋನುಗಳಲ್ಲಿ ನೋಟೊ ಸಾನ್ಸ್ ಕನ್ನಡ ಸಾಮಾನ್ಯವಾಗಿ ಮೊದಲೇ ಇರುತ್ತದೆ, ವಿಂಡೋಸ್‌ನಲ್ಲಿ ನಿರ್ಮಲಾ ಇದೆ. ಧಾರಣೆ ಓದಲು ಅಷ್ಟು ಸಾಕು. ತಲೆಬರಹಕ್ಕೆ ಬಾಲೂ ತಮ್ಮ ಎಂಬ ಫಾಂಟಿನಂತಹ ದಪ್ಪ ಅಕ್ಷರ ಬೇಕೆನಿಸಿದರೆ ವೋಫ್2 ಎಂಬ ವೆಬ್ ಫಾಂಟ್ ರೂಪದಲ್ಲಿ ಅದೊಂದನ್ನೇ ಕಳಿಸಿ, ಫಾಂಟ್-ಡಿಸ್‌ಪ್ಲೇ ಸ್ವಾಪ್ ಎಂದು ಬರೆಯಿರಿ. ಫಾಂಟು ಬರುವವರೆಗೆ ಬಿಳಿ ಪರದೆ ನೋಡುತ್ತಾ ಕೂರುವ ಶಿಕ್ಷೆ ಓದುಗರಿಗೆ ಯಾಕೆ? ಓರೆ ಅಕ್ಷರವನ್ನಂತೂ ಕನ್ನಡಕ್ಕೆ ಹಾಕಲೇಬೇಡಿ, ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಹಿಡಿದು ವಾಲಿಸುತ್ತದೆ.

ತೋಟದಂಚು | ಮಂಗಳವಾರ ಮಧ್ಯಾಹ್ನ 2:05

ಲೈನ್-ಹೈಟ್ 1.1 ಇದೆ ಮೇಡಂ! ನುಡಿಯಲ್ಲಿರುವ ಹಳೆಯ ಲೇಖನಗಳಿಗೆ ಏನು ಮಾಡಲಿ? ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಆ ಹಳೆಯ ಫಾಂಟನ್ನೇ ವೆಬ್ ಫಾಂಟ್ ಮಾಡಿ ಹಾಕಿದರೆ ಆಗದೇ?

ಒತ್ತಕ್ಷರ_ಪ್ರಿಯೆ | ಮಂಗಳವಾರ ಮಧ್ಯಾಹ್ನ 2:25

ಕಣ್ಣಿಗೆ ಕಾಣುತ್ತದೆ, ಅಷ್ಟೇ. ಆ ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದಾರೆ. ಹುಡುಕಿದರೆ ಸಿಗುವುದಿಲ್ಲ, ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಕಸ, ಟಾಕ್‌ಬ್ಯಾಕ್ ಓದಿದರೆ ಕೇಳುವವರ ಗತಿ ದೇವರೇ ಬಲ್ಲ. ಎಲ್ಲವನ್ನೂ ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಮುಗಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ ನಡುನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಕಣ್ಣಿಟ್ಟು ನೋಡಿ; ಎಡವಟ್ಟಾಗುವುದು ಅಲ್ಲೇ.

ಕೀಲಿಮಣೆ_ಶಾಸ್ತ್ರಿ | ಮಂಗಳವಾರ ಸಂಜೆ 4:40

ಇದಕ್ಕೆ ಸೇರಿಸುವುದಿದೆ. ಕಣ್ಣಿಗೆ ಕಾಣದ ಎರಡು ಅಕ್ಷರಗಳಿವೆ, ಸೇರಿಸುವುದೊಂದು, ಬೇರ್ಪಡಿಸುವುದೊಂದು. "ಕ್ವಿಂಟಲ್‌ಗೆ" ಎಂದು ಬರೆಯುವಾಗ ಲ್ ಮತ್ತು ಗೆ ನಡುವೆ ಬೇರ್ಪಡಿಸುವ ಅಕ್ಷರ ಇರುತ್ತದೆ. ಇಲ್ಲದಿದ್ದರೆ ಗಒತ್ತು ಬಂದು "ಕ್ವಿಂಟಲ್ಗೆ" ಆಗುತ್ತದೆ. "ರ‍್ಯಾಂಕ್" ಬರೆಯಲು ಸೇರಿಸುವ ಅಕ್ಷರ ಬೇಕು. ತಾಣದ ಹುಡುಕು ಪೆಟ್ಟಿಗೆಯಲ್ಲಿ ಒಬ್ಬರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹಾಕದೆ. ಹೋಲಿಸುವ ಮುನ್ನ ಎರಡೂ ಕಡೆಯಿಂದ ಈ ಎರಡು ಅಕ್ಷರಗಳನ್ನು ತೆಗೆದುಬಿಡಿ. ತೋರಿಸುವ ಪಠ್ಯದಿಂದ ಮಾತ್ರ ತೆಗೆಯಬೇಡಿ.

ಪರದೆಪುರಾಣ | ಮಂಗಳವಾರ ಸಂಜೆ 5:02

ಹುಡುಕು ಪೆಟ್ಟಿಗೆ ಎಂದಾಗ ನೆನಪಾಯಿತು. ಅದರ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಾಗಿದ್ದರೆ ಐಫೋನ್ ಮುಟ್ಟಿದ ಕೂಡಲೇ ಪುಟವನ್ನು ಹಿಗ್ಗಿಸಿಬಿಡುತ್ತದೆ. ಇದರಿಂದ ರೋಸಿಹೋಗಿ ಕೆಲವರು ವ್ಯೂಪೋರ್ಟ್ ಟ್ಯಾಗಿನಲ್ಲಿ ಯೂಸರ್-ಸ್ಕೇಲಬಲ್ ನೋ ಎಂದು ಬರೆದು ಹಿಗ್ಗಿಸುವುದನ್ನೇ ನಿಲ್ಲಿಸುತ್ತಾರೆ.

ಕೆಂಪುಗೋಟು | ಮಂಗಳವಾರ ಸಂಜೆ 5:10

ಹಾಗೆ ಮಾಡುವವರ ಮನೆಯಲ್ಲಿ ಅರುವತ್ತು ದಾಟಿದವರು ಯಾರೂ ಇರಲಿಕ್ಕಿಲ್ಲ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದ ದಿನ ನನಗೆ ಹಿಗ್ಗಿಸುವುದೊಂದೇ ಗತಿ.

ಸಹ್ಯಾದ್ರಿ_ಸಂಕೇತ | ಮಂಗಳವಾರ ಸಂಜೆ 5:30

ಐಒಎಸ್ 10ರಿಂದ ಸಫಾರಿ ಆ ನಿಷೇಧವನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ, ಆದರೆ ಆಂಡ್ರಾಯ್ಡ್ ಕ್ರೋಮ್ ಇನ್ನೂ ಪಾಲಿಸುತ್ತದೆ, ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದರೆ ಮಾತ್ರ ಇಲ್ಲ. ಪೆಟ್ಟಿಗೆಯ ಅಕ್ಷರ ದೊಡ್ಡದು ಮಾಡಿ, ನಿಷೇಧ ತೆಗೆಯಿರಿ.

ಅಂಕಿಗಳಿಗೂ ಸ್ವಲ್ಪ ಗಮನ ಕೊಡಿ. ಬಲಕ್ಕೆ ಹೊಂದಿಸಿ, ಫಾಂಟ್-ವೇರಿಯಂಟ್-ನ್ಯೂಮರಿಕ್‌ನಲ್ಲಿ ಟ್ಯಾಬ್ಯುಲರ್-ನಮ್ಸ್ ಕೊಟ್ಟರೆ, ಫಾಂಟಿನಲ್ಲಿ ಆ ಸೌಲಭ್ಯ ಇದ್ದಾಗ, 1 ಮತ್ತು 8 ಒಂದೇ ಅಗಲ ಹಿಡಿಯುತ್ತವೆ, ಸಾವಿರದ ಕೆಳಗೆ ಸಾವಿರ ಬರುತ್ತದೆ. ಲಕ್ಷ ದಾಟುವ ಆವಕದ ಲೆಕ್ಕಕ್ಕೆ ಅಲ್ಪವಿರಾಮ ಹಾಕಲು ನೀವೇ ಜಾವಾಸ್ಕ್ರಿಪ್ಟ್ ಬರೆಯಬೇಕಾಗಿಲ್ಲ; ಬ್ರೌಸರಿನಲ್ಲೇ ಇರುವ ನಂಬರ್‌ಫಾರ್ಮ್ಯಾಟ್‌ಗೆ ಇಂಗ್ಲಿಷ್-ಭಾರತ ಎಂದು ಹೇಳಿದರೆ 1,23,456 ಎಂದು ನಮ್ಮ ಕ್ರಮದಲ್ಲೇ ಕೊಡುತ್ತದೆ.

ಅಂಗೈಯಂಗಡಿ | ಮಂಗಳವಾರ ರಾತ್ರಿ 8:15

ಸರಿ, ಧಾರಣೆಯ ಪುಟ ಒಂದಕ್ಕೆ ಆ್ಯಪ್ ಅನಗತ್ಯ ಎಂದು ನಾನೂ ಹೇಳುತ್ತೇನೆ. ನಾಳೆ ಇವರು ಎಲೆಯ ಚಿತ್ರ ತೆಗೆದು ಎಲೆಚುಕ್ಕಿ ರೋಗವೇ ಎಂದು ಕಂಡುಹಿಡಿಯುವ ಸೌಲಭ್ಯ ಬೇಕೆಂದರೆ ನನ್ನ ಹತ್ತಿರ ಬರಲಿ.

ಹಳೇ_ಬೆಂಗಳೂರು_ಟೆಕ್ಕಿ | ಮಂಗಳವಾರ ರಾತ್ರಿ 8:22

ಕ್ಯಾಮೆರಾವನ್ನೂ ಬ್ರೌಸರ್ ತೆರೆಯುತ್ತದೆ ಮಾರಾಯರೇ. ಇನ್‌ಪುಟ್ ಟ್ಯಾಗಿಗೆ ಕ್ಯಾಪ್ಚರ್ ಎಂದು ಸೇರಿಸಿದರೆ ಆಯಿತು.

ಅಂಗೈಯಂಗಡಿ | ಮಂಗಳವಾರ ರಾತ್ರಿ 8:25

ಚಿತ್ರ ತೆಗೆಯುವುದು ಬೇರೆ, ಸಿಗ್ನಲ್ ಇಲ್ಲದ ತೋಟದಲ್ಲಿ ಫೋನಿನೊಳಗೇ ರೋಗ ಗುರುತಿಸುವುದು ಬೇರೆ. ಅದಕ್ಕೆ ಬೇರೆ ಎಳೆ ತೆರೆಯಿರಿ, ಅಲ್ಲಿ ನೋಡಿಕೊಳ್ಳೋಣ.

ತೋಟದಂಚು | ಗುರುವಾರ ಸಂಜೆ 7:00

ಕೆಲಸ ಒಂದು ಹಂತಕ್ಕೆ ಬಂದಿದೆ. ಗ್ರಿಡ್ ಹಾಕಿದೆ, ಊರು ಮತ್ತು ಬಗೆಯ ಕಾಲಂ ಅಂಟಿಕೊಂಡು ನಿಲ್ಲುತ್ತದೆ, ಲೈನ್-ಹೈಟ್ 1.7. ಮಾಲೀಕರು ತಮ್ಮ ಫೋನಿನಲ್ಲಿ ಅತ್ತಿತ್ತ ಸರಿಸಿ ನೋಡಿ, "ಕಂಪನಿಯವರಿಗೆ ಆಮೇಲೆ ಹೇಳುತ್ತೇವೆ ಎಂದು ಹೇಳು" ಎಂದರು. ಸರ್ವಿಸ್ ವರ್ಕರ್ ಇನ್ನೂ ಮುಟ್ಟಿಲ್ಲ. ನುಡಿ ಲೇಖನಗಳ ಪರಿವರ್ತನೆಗೆ ಮಳೆಗಾಲವೇ ಬೇಕು.

ಈಗ ಹೊಸ ಬೇಡಿಕೆ. ಸಹಕಾರ ಸಂಘದವರು ಇದೇ ಕೋಷ್ಟಕವನ್ನು ಮುದ್ರಿಸಿ ಫಲಕಕ್ಕೆ ಅಂಟಿಸಬೇಕಂತೆ. ಮುದ್ರಿಸಿದರೆ ಮೆನು, ಜಾಹೀರಾತು ಎಲ್ಲವೂ ಬರುತ್ತದೆ, ಬಲಗಡೆಯ ಎರಡು ಕಾಲಂ ಬರುವುದೇ ಇಲ್ಲ. ಇದಕ್ಕೆ ಬೇರೆ ಪಿಡಿಎಫ್ ಮಾಡಬೇಕೇ?

ದೂರದ_ದನಿ | ಗುರುವಾರ ಸಂಜೆ 7:20

ಮುದ್ರಣದ ವಿಷಯ ಬೇರೆಯವರು ಹೇಳಲಿ. ಪುಟ ತೆರೆದೆ: "ಶಿರಸಿ, ಚಾಲಿ, ಗರಿಷ್ಠ" ಎಂದು ಹೇಳಿ ಆಮೇಲೆ ಅಂಕಿ ಓದುತ್ತಿದೆ. ಆದರೆ "ಕೆಂಪುಗೋಟು" ಸಾಲಿನಲ್ಲಿ ಇನ್ನೂ ಟಿಡಿಯೇ ಉಳಿದಿದೆ, ನೋಡಿ.

ಕೆಂಪುಗೋಟು | ಗುರುವಾರ ಸಂಜೆ 7:24

ನನ್ನನ್ನೇ ಬಿಟ್ಟಿರಾ!

ಕೀಲಿಮಣೆ_ಶಾಸ್ತ್ರಿ | ಗುರುವಾರ ರಾತ್ರಿ 8:10

ಪಿಡಿಎಫ್ ಬೇಡ, ಅದೇ ಪುಟ ಸಾಕು. ಮೀಡಿಯಾ ಪ್ರಿಂಟ್ ಎಂಬ ವಿಭಾಗ ತೆರೆದು ಮೆನು, ಜಾಹೀರಾತುಗಳಿಗೆ ಡಿಸ್‌ಪ್ಲೇ ನನ್ ಕೊಟ್ಟು ಮರೆಮಾಡಿ. ಕೋಷ್ಟಕ ಸುತ್ತಿದ ಡಿವ್‌ನ ಓವರ್‌ಫ್ಲೋವನ್ನು ವಿಸಿಬಲ್ ಮಾಡಿ, ನಿಮ್ಮ ಎರಡು ಕಾಲಂ ನುಂಗುತ್ತಿರುವುದು ಅದೇ. ಸ್ಟಿಕಿಯನ್ನು ಸ್ಟ್ಯಾಟಿಕ್ ಮಾಡಿ. ಅಕ್ಷರ 10 ಪಾಯಿಂಟ್, ಕಾಗದ ಎ4 ಅಡ್ಡಲಾಗಿ. ತಲೆಬರಹದ ಸಾಲು ಟಿಹೆಡ್‌ನೊಳಗೆ ಇದ್ದರೆ ಎರಡನೆಯ ಹಾಳೆಯಲ್ಲೂ ತಾನಾಗಿಯೇ ಬರುತ್ತದೆ. ಟಿಆರ್‌ಗೆ ಬ್ರೇಕ್-ಇನ್‌ಸೈಡ್ ಅವಾಯ್ಡ್ ಕೊಡಿ, ಸಾಲು ಹಾಳೆಯ ನಡುವೆ ಸೀಳುವುದಿಲ್ಲ. ಕ್ರೋಮ್‌ನ ಮುದ್ರಣ ಮುನ್ನೋಟದಲ್ಲಿ ನೋಡಿಕೊಂಡು ಆಮೇಲೆ ಕಾಗದ ಹಾಕಿ.